ಗಿರಮಲ್ಲಪ್ಪನ ಹೊಟ್ಟೆಯ ಮೇಲಿನ ಕುರಿಮರಿ

ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಗಿರಮಲ್ಲಪ್ಪ ‘ಟುರ್ರ್ರ್’ ಎಂದನೆಂದರೆ, ಹುನ್ನೂರಿನ ಹೊಲದಲ್ಲಿ ಚದುರಿದ ಕುರಿಗಳೆಲ್ಲ ಒಮ್ಮೆಗೇ ಕತ್ತೆತ್ತುತ್ತಿದ್ದವು. ಅರವತ್ತು ದಾಟಿದ ಆಳು. ಬೀಡಿಯ ಹೊಗೆಗೆ ಕಂದಿದ ಮೀಸೆ, ಉರಿಬಿಸಿಲಲ್ಲೂ ಹೆಗಲಿಳಿಯದ ಕಂಬಳಿ, ಪಕ್ಕದವರು ಓಡಲೇಬೇಕಾದಂಥ ನಡಿಗೆ. ಯಾವ ಬೇನೆಗೂ ಅವನಲ್ಲಿದ್ದದ್ದು ಒಂದೇ ಮದ್ದು, ಕಾಸಿದ ಕಬ್ಬಿಣದ ಬರೆ. ಕುರಿಗೂ ಅದೇ, ನೆಂಟರಿಗೂ ಅದೇ.

ಒಂದು ಬೇಸಿಗೆಯ ಮಧ್ಯಾಹ್ನ ಬೇವಿನ ನೆರಳಲ್ಲಿ ಅಂಗಾತ ಮಲಗಿದ್ದ ಅವನ ಹೊಟ್ಟೆಯ ಮೇಲೆ ಎಳೆಯ ಮರಿಯೊಂದು ನಿದ್ದೆಹೋಗಿತ್ತು. ಅದು ಉಸಿರಿನ ಲಯಕ್ಕಲ್ಲದೆ, ನಾಡಿ ಹೊಡೆದಂತೆ ಮೇಲೆ ಕೆಳಗೆ ಕುಲುಕುವುದನ್ನು ಮೊದಲು ಕಂಡವಳು ಹೆಂಡತಿ ಮಾಯವ್ವ. ಕೈಯಿಟ್ಟು ನೋಡಿದರೆ ಹೊಕ್ಕುಳ ಮೇಲೆ ಗಡ್ಡೆಯೊಂದು ಮಿಡಿಯುತ್ತಿತ್ತು. ವಾಯುಗಡ್ಡೆ ಎಂದು ತೀರ್ಮಾನಿಸಿದ ಅವನು ತನಗೇ ಬರೆ ಹಾಕಿಕೊಳ್ಳಲು ಕಬ್ಬಿಣವನ್ನು ಒಲೆಗಿಟ್ಟ. ಮಾಯವ್ವ ಅದನ್ನು ಇಕ್ಕಳದಿಂದೆತ್ತಿ ನೀರಿನ ಬಾನಿಗೆ ಎಸೆದಳು.

“ನೀ ಏನ್ ಕುರಿ ಏನ? ದವಾಖಾನಿಗೆ ನಡಿ!”

ನೆರೆಮನೆಯವನಾದ ನಾನೂ ಜೊತೆಗೆ ಹೋದೆ. ಜಮಖಂಡಿಯಲ್ಲಿ ಸ್ಕ್ಯಾನ್ ಮಾಡಿದಾಗ ತಿಳಿಯಿತು: ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿ ನಿಂತಿತ್ತು; ಒಡೆದರೆ ಆಸ್ಪತ್ರೆ ಮುಟ್ಟುವಷ್ಟೂ ಹೊತ್ತು ಸಿಗುವುದಿಲ್ಲ. ಅಲ್ಲಿಂದ ಬೆಳಗಾವಿಗೆ ಕಳಿಸಿದರು. ಅಲ್ಲಿನ ಡಾಕ್ಟರ್ ವೈಶಾಲಿ, ಮುಧೋಳದ ಕಡೆಯ ಹೆಣ್ಣುಮಗಳು, ಹೊಟ್ಟೆ ಕೊಯ್ಯುವುದಿಲ್ಲ ಎಂದರು. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಉಬ್ಬಿದಲ್ಲಿ ತಂತಿಯ ಹಂದರಕ್ಕೆ ಬಟ್ಟೆ ಹೊದಿಸಿದ ಕೊಳವೆಯೊಂದನ್ನು ಅರಳಿಸುವುದು. ರಕ್ತ ಅದರೊಳಗೇ ಹರಿದು, ನಾಳದ ಬಳಲಿದ ಗೋಡೆಗೆ ಒತ್ತಡ ತಪ್ಪುತ್ತದೆ.

ಗಿರಮಲ್ಲಪ್ಪನಿಗೆ ನಂಬಿಕೆ ಬರಲಿಲ್ಲ. “ಸುಡಂಗಿಲ್ಲ, ಕೊಯ್ಯಂಗಿಲ್ಲ. ಮತ್ತ ಬ್ಯಾನಿ ಹೆಂಗ ಹೋಗತೈತ್ರಿ, ಬಾಯಾರ?”

“ತೊಡಿಯಿಂದ ಹೊಟ್ಟಿಗೆ ರಗತದ ಹಾದಿ ಐತಲ್ಲ ಕಾಕಾ, ಅದರಾಗ ಹೋಗ್ತೇನಿ.”

“ಆ ಹಾದಿ ತುಳದೀರೇನ್ರಿ?”

“ಭಾಳ ಸಲ. ಆದ್ರೂ ಜೀವಕ್ಕ ಧೋಖಾ ಇಲ್ಲಂತ ಹೇಳಂಗಿಲ್ಲ.”

ಮೇವಿಗಾಗಿ ದೂರದ ಸೀಮೆಗೆ ಕುರಿ ಹೊಡೆಯುವ ಮುನ್ನ ಅವನು ಮುಂದಾಳಿಗೆ ಕೇಳುವ ಪ್ರಶ್ನೆಯೂ ಇದೊಂದೇ: ಹಾದಿ ತುಳಿದಿದ್ದೀಯಾ? “ಧೋಖಾ ಇಲ್ಲಂದಿದ್ರ ಎದ್ದ ಹೋಗಾಂವ ಇದ್ನಿ. ನಡೀರಿ ಹಂಗಾರ” ಎಂದ.

ವಾರದೊಳಗೆ ಊರಿಗೆ ಬಂದ. ಬೀಡಿ ಬಿಟ್ಟ, ಕಂಬಳಿ ಬಿಡಲಿಲ್ಲ.

ಮರುವರ್ಷ ಅನಗವಾಡಿಯ ಬಳಿ, ಹಿನ್ನೀರು ಇಳಿದ ಹೊಳೆಯ ದಂಡೆಯಲ್ಲಿ ಸಿಕ್ಕ. ಅಂದು ಅಂಜಿಕೆಯಾಗಲಿಲ್ಲವೇ ಎಂದು ಕೇಳಿದೆ. ಬಾಳನ್ನೆಲ್ಲ ಬಟ್ಟಬಯಲಲ್ಲೇ ನಡೆಸುವ ಇಂಥವರು ಒಳಗಿನದೊಂದನ್ನು ಮಾತ್ರ ಪೂರ್ತಿ ಬಿಚ್ಚುವುದಿಲ್ಲ. ಕೇಳಿದವರಿಗೆ ಸಿಕ್ಕುವುದು ಒಂದು ತುಣುಕು, ಅದೂ ಅವರ ಪುರುಸೊತ್ತಿನಷ್ಟು.

“ಆಗಿತ್ತಪಾ, ಸುಳ್ಳ್ಯಾಕ ಹೇಳ್ಲಿ. ಆಪರೇಷನ್ ಖೋಲಿ ಬಾಗಲಾ ಮುಚ್ಚೂ ಮುಂದ ಮಾಯವ್ವನ ಮಾರಿ ನೋಡಿದ್ನಿ, ಆವಾಗ…”

ಟಗರೊಂದು ಯಾರದೋ ಕಬ್ಬಿಗೆ ಬಾಯಿ ಹಾಕಿತ್ತು. ಅದರ ವಂಶವನ್ನೆಲ್ಲ ಬೈಯುತ್ತ ಗಿರಮಲ್ಲಪ್ಪ ಎದ್ದು ನಡೆದೇಬಿಟ್ಟ.