ಓದೇಲು ಇಟ್ಟಿದ್ದ ಪಾಸ್‌ವರ್ಡ್

ನಮ್ಮ ಕರೀಂನಗರದ ಫೋಟೋ ಸ್ಟುಡಿಯೊದ ವೆಬ್‌ಸೈಟಿನಲ್ಲಿ ಆಲ್ಬಮ್ ನೋಡಲು ಪಾಸ್‌ವರ್ಡ್ ಬೇಕು. ಯಾರಾದರೂ ಮರೆತು ಫೋನ್ ಮಾಡಿದರೆ ಮಾಲೀಕ ಸಾಂಬಣ್ಣ ಕಂಪ್ಯೂಟರ್ ನೋಡಿ ಗಟ್ಟಿಯಾಗಿ ಓದಿ ಹೇಳುವುದು ರೂಢಿ. ವೆಬ್‌ಸೈಟ್ ನೋಡಿಕೊಳ್ಳುವ ನನ್ನ ನಿದ್ದೆಯನ್ನು ಅದು ಕೆಡಿಸಿತ್ತು. ಜನ ಒಂದೇ ಪದವನ್ನು ಬ್ಯಾಂಕಿಗೂ ಫೋನಿಗೂ ಇಡುತ್ತಾರೆ. ಹಿಂದೆ ಹೈದರಾಬಾದಿನ ಅಮೀರ್‌ಪೇಟೆಯ ಸಂಜೆ ಕಂಪ್ಯೂಟರ್ ತರಗತಿಯಲ್ಲಿ ಕಲಿತಂತೆ, ದಸರೆಗೆ ಮೊದಲು ಎಲ್ಲ ಪಾಸ್‌ವರ್ಡ್‌ಗಳನ್ನೂ ಗುರುತು ಸಿಗದ ಅಂಕಿ-ಅಕ್ಷರಗಳಾಗಿ ಬದಲಿಸಿ ಮೂಲವನ್ನು ಅಳಿಸಿದೆ. ಹಳೆಯ ಪ್ರತಿಗಳನ್ನೂ ಉಳಿಸಲಿಲ್ಲ. ಸರಿಯಾಗಿಯೇ ಮಾಡಿದ್ದೆ. ಹಾಗೆಂದುಕೊಂಡಿದ್ದೆ.

ಹಬ್ಬ ಕಳೆದ ಮೇಲೆ ರಾಜವ್ವ ಬಂದಳು. ಈಚೆಗೆ ತೀರಿಕೊಂಡ ಗಂಡ ಓದೇಲುವಿನ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಎಲ್ಲದಕ್ಕೂ ಒಂದೇ ಮಾತು ಇಡ್ತಿದ್ದ ತಮ್ಮಾ. ಆಲ್ಬಮ್ಮಿಂದು ಹೇಳು, ಈ ಫೋನ್ ತೆಗೀತೀನಿ. ಮಗಳಿಗೆ ಹಾಡಿದ್ದು ಇದರೊಳಗೈತೆ. ಅವನ ದನಿ ಬೇರೆಲ್ಲೂ ಇಲ್ಲ."

"ಓದಿ ಹೇಳೋ," ಎಂದ ಸಾಂಬಣ್ಣ.

"ಆಗಲ್ಲಣ್ಣ. ಬೀಸಿಬಿಟ್ಟೀನಿ."

"ಜೋಳ ಬೀಸಿದ ಹಂಗಾ?" ರಾಜವ್ವ ಕೇಳಿದಳು.

"ಹಂಗೇ ಅವ್ವಾ. ಹಿಟ್ಟಿಂದ ಕಾಳು ಬರಲ್ಲ. ನೀವು ಕಾಳು ತಂದ್ರೆ ಬೀಸಿ, ಅದೇ ಹಿಟ್ಟಾ ಅಂತ ನೋಡಬಹುದು, ಅಷ್ಟೆ."

"ಉದ್ದದ ಮಾತಾ, ಗಿಡ್ಡದ್ದಾ? ಅದನ್ನಾದ್ರೂ ಹೇಳು."

"ಗೊತ್ತಾಗಲ್ಲವ್ವಾ. ಮಾತು ಎಷ್ಟುದ್ದ ಇದ್ರೂ ಹಿಟ್ಟು ಒಂದೇ ಅಳತೆ."

"ಬುದ್ಧಿವಂತ ಬಂದ, ಬೀಗದ ಕೈ ಬಾವಿಗೆ ಹಾಕಿದ," ಎಂದು ಸಾಂಬಣ್ಣ ಎದ್ದು ಹೋದ.

ಕಂಪ್ಯೂಟರಿನಲ್ಲಿ ಆಲ್ಬಮ್ಮಿನ ಪುಟ ತೆರೆದುಕೊಟ್ಟೆ; ರಾಜವ್ವ ತೋಚಿದ ಹೆಸರುಗಳನ್ನು ಒಂದೇ ಬೆರಳಲ್ಲಿ ಒತ್ತತೊಡಗಿದಳು. ನಾನು ಗೋಡೆಯ ಕಡೆ ತಿರುಗಿದೆ, ಯಾರದನ್ನೂ ನೋಡಬಾರದು. ಹೀಗೆ ಊಹಿಸಲು ಬಿಡುವುದೇ ಸರಿಯೋ ತಪ್ಪೋ ತಿಳಿಯಲಿಲ್ಲ. ಮಗಳ ಹೆಸರು ತಪ್ಪಾಯಿತು ಎಂದಳು. ಎಮ್ಮೆಯ ಹೆಸರೂ ತಪ್ಪಾಯಿತು.

"ನನ್ನ ಹೆಸರೂ ಅಲ್ವಂತೆ. ಎಮ್ಮೆಗಿಲ್ಲದ್ದು ನನಗೆಲ್ಲಿ!" ಎಂದು ನಕ್ಕಳು.

ಕೆಲವು ಸಲ ತಪ್ಪಿದರೆ ಆ ದಿನಕ್ಕೆ ಬಾಗಿಲು ಮುಚ್ಚುವಂತೆ ನಾನೇ ಬರೆದಿದ್ದೆ. ಇನ್ನೊಂದೇ ಅವಕಾಶವಿದೆ ಎಂದು ಹೇಳಿದೆ.

"ಒಬ್ಬಾಕೆ ಹೆಸರೈತೆ. ಯಾರು ಅಂತ ಕೇಳಬೇಡ."

ಬೆರಳಿನ ಸದ್ದು ನಿಧಾನವಾಗಿ ಕೇಳಿಸಿ ನಿಂತಿತು.

"ತಪ್ಪಂತೆ ತಮ್ಮಾ! ಅವಳದ್ದಲ್ಲ!" ದನಿಯಲ್ಲಿ ಹಬ್ಬವಿತ್ತು.

ಆಮೇಲೆ 'ನಾಳೆ ಪ್ರಯತ್ನಿಸಿ' ಎಂದು ಪರದೆಯ ಮೇಲೆ ಬಂದದ್ದನ್ನು ಅವಳೇ ಮೆಲ್ಲಗೆ ಓದಿದಳು.

"ಹಂಗಾದ್ರೆ ಏನಿಟ್ಟಿದ್ನೋ?"

ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಾಗದಂತೆ ಮಾಡಿದವನು ನಾನೇ. ಗೋಡೆಯಿಂದ ಮುಖ ತಿರುಗಿಸಲು ಧೈರ್ಯವಾಗಲಿಲ್ಲ.