ಬಾಯಿಗೆ ಬಿದ್ದ ಮಣ್ಣು

ಸೌಜನ್ಯ ಮೇಡಂ ತಮ್ಮ ಭಾಷಾ ಸಂಶೋಧನೆಗೆಂದು ಊರೂರು ತಿರುಗಿ ಜನರ ಮಾತನ್ನು ಟೇಪ್ ಮಾಡಿಕೊಂಡು ಬರುತ್ತಿದ್ದರು. ತುಂಗಭದ್ರಾ ಡ್ಯಾಂ ಬಳಿಯ ಅವರ ಬಾಡಿಗೆ ಕೋಣೆಯಲ್ಲಿ ಕೂತು ಅದನ್ನು ಟೈಪ್ ಮಾಡುವುದು ನನ್ನ ಕೆಲಸ. ಏಳನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಅದು ದೊಡ್ಡ ಕೆಲಸವೇ. ಮಣ್ಣು, ಬೆಂಕಿ, ನೀರು ಎಂಬ ಪದ ಬಂದ ಸಾಲುಗಳನ್ನೆಲ್ಲ ಕಂಪ್ಯೂಟರು ಹುಡುಕಿ ಒಂದು ಕಡೆ ಇಡುತ್ತಿತ್ತು. ಅದು ನಿಜವಾದ ಮಣ್ಣೋ ಬರೀ ಮಾತಿನ ಮಣ್ಣೋ ಎಂಬುದು ಮಾತ್ರ ಅದಕ್ಕೆ ತಿಳಿಯುತ್ತಿರಲಿಲ್ಲ. ನಿಜವಾದರೆ 'ನಿ', ರೂಪಕವಾದರೆ 'ರೂ' ಎಂದು ನಾನು ಗುರುತು ಹಾಕಬೇಕಿತ್ತು.

ಸಂಡೂರು ರಸ್ತೆಯ ಟೇಪಿನಲ್ಲಿ ನಮ್ಮವ್ವನ ದನಿ ಬಂತು.

"ಈ ಅದಿರಿನ ಲಾರಿ ಸುರುವಾದಾಗಿಂದ ನಮ್ಮ ಬಾಯಾಗ ಮಣ್ಣು ಬಿತ್ತು ನೋಡ್ರಿ. ದಿನಾ ಬೀಳ್ತೈತಿ."

ನಮ್ಮ ಮನೆ ಆ ರಸ್ತೆಗೇ ಇದೆ. ಮೇಡಂ ಮುಂದೆ ಮಾತ್ರ ಹೊಸಪೇಟೆಯವಳು ಎಂದಿದ್ದೆ. ಎಷ್ಟು ಮುಚ್ಚಿಟ್ಟರೂ ನಮ್ಮ ಅನ್ನದ ಮೇಲೆ ಕೆಂಧೂಳು ಕೂರುತ್ತಿತ್ತು. ಮೇಲಿನದನ್ನು ಅವ್ವ ತನ್ನ ತಾಟಿಗೆ ಹಾಕಿಕೊಂಡು, ಅಡಿಯ ಅನ್ನವನ್ನು ನನ್ನ ಬುತ್ತಿಗೆ ತುಂಬುತ್ತಿದ್ದಳು. ಆದರೂ ಹಲ್ಲಿಗೆ ಕರಕರ ಎನ್ನುತ್ತಿತ್ತು. ಮೇಡಂಗೆ ಕಾಣದಂತೆ ನಾನು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. 'ನಿ' ಎಂದು ಹಾಕಿದರೆ ನಿನಗೆ ಹೇಗೆ ಗೊತ್ತು ಎಂದು ಮೇಡಂ ಕೇಳುತ್ತಾರೆ. 'ರೂ' ಎಂದು ಹಾಕಿದೆ.

ಮರುವಾರ ಮೇಡಂ ಪ್ರಿಂಟ್ ತೆಗೆದರು. ಬಾಯಿಗೆ ಮಣ್ಣು, ನಲವತ್ತೊಂದು ರೂಪಕ.

"ದುರ್ಗಾ, ಈ ಜಂಬವ್ವ ಎಷ್ಟು ಚೊಲೊ ಮಾತಾಡ್ಯಾಳ ನೋಡು. ಬದುಕು ಕೆಟ್ಟಿದ್ದನ್ನ ಹೆಂಗ ಹೇಳ್ಯಾಳ. 'ದಿನಾ ಬೀಳ್ತೈತಿ' ಅಂತ, ಮಸ್ತ್ ಐತಿ. ನಾಳೆ ಸೆಮಿನಾರಿನಾಗ ಇದನ್ನೇ ಮೊದಲು ಓದ್ತೀನಿ."

ಅವ್ವ ಮಣ್ಣು ತಿಂದದ್ದನ್ನು ಕೇಳಿ ಸಭೆ ತಲೆದೂಗುತ್ತದೆ.

ಮೇಡಂ ಚಾ ಮಾಡಲು ಒಳಗೆ ಹೋದಾಗ ಅವ್ವನ ಸಾಲಿಗೆ 'ನಿ' ಎಂದು ತಿದ್ದಿದೆ. ಕಪ್ಪು ಹಿಡಿದು ಬಂದವರು ಪರದೆ ನೋಡಿದರು.

"ನಲವತ್ತಾತಲ್ಲ. ಯಾವುದು ಹೋತು?"

"ಜಂಬವ್ವಂದ್ರಿ. ಆಕಿ ಅಂದಿದ್ದು ಖರೇ ಮಣ್ಣುರಿ. ಅನ್ನದಾಗ ಬೀಳೋದು."

"ನಿನಗ ಹೆಂಗ ಗೊತ್ತು?"

"ಆಕಿ ನಮ್ಮವ್ವರಿ."

ಮೇಡಂ ಕಪ್ಪನ್ನು ಕೆಳಗಿಟ್ಟು ನನ್ನ ಪಕ್ಕ ಕೂತರು. ಆಮೇಲೆ ಉಳಿದ ಸಾಲುಗಳ ಮೇಲೆ ಬೆರಳು ಆಡಿಸಿ, "ಮತ್ತ ಇವು?" ಎಂದರು.

ಮೊದಲನೆಯದು ನಮ್ಮ ಪಕ್ಕದ ಮನೆಯಾಕೆಯ ಮಾತು. ಅದಕ್ಕೂ ನಾನೇ 'ರೂ' ಹಾಕಿದ್ದೆ.