ಸುಟ್ಟ ಅಂಗಿಯ ಮಾತು ಮುಚ್ಚಿಡಬೇಡಿ

ಸಂದರ್ಶನದ ಬಗ್ಗೆ ಬುದ್ಧಿ ಹೇಳುವಷ್ಟು ದೊಡ್ಡವರು ನಾವಲ್ಲ. ತಿಳಿದವರು ಕ್ಷಮಿಸಬೇಕು. ಯಾರಿಗಾದರೂ ಉಪಯೋಗವಾದೀತೆಂದು ಅಂಜುತ್ತಲೇ ಈ ಕಥೆ ಹೇಳುತ್ತಿದ್ದೇವೆ.

ಬೀದಿಯ ತಿರುವಿನಲ್ಲಿ ಗಂಡ ಹೆಂಡತಿ ಹದಿನಾಲ್ಕು ವರ್ಷದಿಂದ ಇಸ್ತ್ರಿ ಅಂಗಡಿ ನಡೆಸುತ್ತಿದ್ದರು. ಕಟ್ಟಡ ಕೆಡವುತ್ತಾರೆ, ತಿಂಗಳ ಕೊನೆಗೆ ಜಾಗ ಖಾಲಿ ಮಾಡಬೇಕು ಎಂಬ ಸುದ್ದಿ ಬಂತು. ಅಷ್ಟರಲ್ಲಿ ಆಸ್ಪತ್ರೆಯ ಬಟ್ಟೆ ವಿಭಾಗಕ್ಕೆ ಇಸ್ತ್ರಿ ಬಲ್ಲವರು ಬೇಕೆಂದು ತಿಳಿದು ಹೆಂಡತಿ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕರೆಯೂ ಬಂತು. ಅಂದಿನಿಂದ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ.

ಎದುರಿನ ಮಹಡಿ ಮನೆಯ ನಿವೃತ್ತ ನರ್ಸಕ್ಕ ಒಂದು ಸಂಜೆ ಅಂಗಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು.

"ಈಗ ನಾನೇ ಸಂದರ್ಶನದ ಅಧಿಕಾರಿ. ಒಳಗೆ ಬಾ."

"ಒಳಗೇ ಇದ್ದೀನಲ್ಲಕ್ಕ?"

"ಹೊರಗೆ ಹೋಗಿ ಬಾರೇ!"

ಅವಳು ಹೋಗಿ ಬಂದು ಕೂತಳು. ಕಣ್ಣು ಮಾತ್ರ ಅಕ್ಕನ ಸೀರೆಯ ಸುಕ್ಕಿನ ಮೇಲೇ ಇತ್ತು.

"ಮುಖ ನೋಡಿ ಮಾತಾಡು. ಮುಖದಲ್ಲೂ ಸುಕ್ಕಿದೆ, ಆದ್ರೆ ಅದನ್ನ ನೀನು ತೆಗೀಬೇಕಾಗಿಲ್ಲ."

ಗಂಡ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ. "ಇದೆಲ್ಲ ಯಾಕಕ್ಕ? ಕೆಲಸ ಯಾರಿಗೆ ಅಂತ ಮೊದಲೇ ತೀರ್ಮಾನ ಆಗಿರತ್ತೆ."

"ಆಗಿಲ್ಲದೆ ಇದ್ರೆ? ತಯಾರಾಗಿ ಹೋದ್ರೆ ಕಳ್ಕೊಳ್ಳೋದೇನು?" ನರ್ಸಕ್ಕ ಇವಳ ಕಡೆ ತಿರುಗಿದಳು. "ಯಾವತ್ತಾದ್ರೂ ಬಟ್ಟೆ ಸುಟ್ಟಿದ್ದೀಯಾ?"

"ಇಲ್ಲಕ್ಕ, ಒಂದೂ ಇಲ್ಲ!"

ಇಸ್ತ್ರಿ ಅಂಗಡಿಯವರ ಬಾಯಲ್ಲಿ ಸದಾ ಸಿದ್ಧವಿರುವ ಉತ್ತರ ಅದು. ಸುಟ್ಟಿದ್ದೇನೆ ಎಂದರೆ ಗಿರಾಕಿ ಪಕ್ಕದ ಬೀದಿಗೆ ಹೋಗುತ್ತಾನೆ.

"ಹಾಗಾದ್ರೆ ನನ್ನ ತಮ್ಮನ ಬಿಳಿ ಅಂಗಿಗೆ ಏನಾಯ್ತು?"

ಅವಳು ತಲೆ ತಗ್ಗಿಸಿದಳು. ಗಂಡನೇ ಬಾಯಿ ಹಾಕಿದ. "ಅದನ್ನೆಲ್ಲ ಅಲ್ಲಿ ಹೇಳೋದು ತನ್ನ ಕಾಲ ಮೇಲೆ ತಾನೇ ಕೊಡಲಿ ಹಾಕ್ಕೊಂಡ ಹಾಗಲ್ವಾ?"

"ನೀನು ಸುಮ್ನಿರಪ್ಪ. ಅದಾದ ಮೇಲೆ ಏನು ಮಾಡ್ದೆ, ನೀನು ಹೇಳೇ."

"ಅವತ್ತಿಂದ ಹೊಸ ಬಟ್ಟೆ ಬಂದ್ರೆ ಮೊದಲು ಒಳ ಅಂಚಿಗೆ ಇಸ್ತ್ರಿ ತಾಗಿಸಿ ನೋಡ್ತೀನಿ. ಬಿಸಿ ತಡೆದ್ರೆ ಮಾತ್ರ ಮುಂದೆ."

"ಅಷ್ಟೇ. ಇದನ್ನೇ ಹೇಳು. ಬಾಯಿಪಾಠ ಬೇಡ."

ನರ್ಸಕ್ಕ ಹೇಳಿದಂತೆ ಅವಳು ಹಿಂದಿನ ದಿನವೇ ಹೋಗಿ ಜಾಗ ನೋಡಿ ಬಂದಳು. ಆಸ್ಪತ್ರೆಗೆ ನಾಲ್ಕು ಗೇಟು, ಯಾವುದರಿಂದ ಹೋಗಬೇಕೆಂದು ಕೇಳಿಕೊಂಡಳು. ಕಾಗದಪತ್ರಗಳ ಅಸಲು, ನಕಲು ಎರಡನ್ನೂ ಒಂದೇ ಚೀಲದಲ್ಲಿಟ್ಟುಕೊಂಡಳು.

ಸಂದರ್ಶನದಲ್ಲಿ ಮೂವರಿದ್ದರು. ಬಟ್ಟೆ ವಿಭಾಗದ ಮೇಡಂ ಕೇಳಿಯೇಬಿಟ್ಟರು. "ಇಷ್ಟು ವರ್ಷದಲ್ಲಿ ಬಟ್ಟೆ ಸುಟ್ಟಿದ್ದೀರಾ?"

'ಇಲ್ಲ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡು, ಮೇಡಂ ಮುಖ ನೋಡಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು.

ಮೇಡಂ ಪೆನ್ನು ಕೆಳಗಿಟ್ಟರು. "ಬೆಳಿಗ್ಗೆಯಿಂದ ಆರು ಜನ ಬಂದ್ರು. ಒಬ್ರೂ ಒಂದು ಕರವಸ್ತ್ರ ಕೂಡ ಸುಟ್ಟಿಲ್ವಂತೆ!"

ಮೂವರೂ ನಕ್ಕರು. ಅವಳ ಬೆನ್ನು ಮೊದಲ ಸಲ ಕುರ್ಚಿಗೆ ತಾಗಿತು. ಆಮೇಲೆ ಯಾವುದೋ ದೊಡ್ಡ ಯಂತ್ರದ ಬಗ್ಗೆ ಕೇಳಿದರು. "ಅದನ್ನ ನೋಡಿಲ್ಲ ಮೇಡಂ. ತೋರಿಸಿಕೊಟ್ರೆ ಕಲೀತೀನಿ" ಎಂದಳು.

ನಾಲ್ಕನೇ ದಿನ ಫೋನ್ ಬಂತು. ಸೋಮವಾರದಿಂದ ಕೆಲಸಕ್ಕೆ ಬರಬೇಕು. ಗಂಡ ಬಟ್ಟೆ ಗಂಟಿನ ಮೇಲೇ ಕುಸಿದು ಕೂತು ಉಸ್ಸೆಂದ.

"ಸಿಗತ್ತೆ ಅಂತ ನಾನು ಮೊದಲೇ ಹೇಳಿದ್ನಲ್ಲ!"

"ಯಾವಾಗ್ರೀ?" ಅವಳಿಗೆ ನಗು, ಅಳು ಒಟ್ಟಿಗೇ ಬಂತು.

ಅಂದೇ ಸಂಜೆ ಅವನು ಮಹಡಿ ಹತ್ತಿದ. "ಅಕ್ಕಾ, ವಾಚ್‌ಮನ್ ಕೆಲಸಕ್ಕೆ ಅರ್ಜಿ ಹಾಕ್ತಿದ್ದೀನಿ. ನನಗೂ ನಾಲ್ಕು ಪ್ರಶ್ನೆ ಕೇಳು. ಹೊರಗೆ ಹೋಗಿ ಬರ್ಲಾ?"

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಂದರ್ಶನಕ್ಕೆ ಹೋಗುವ ಮುನ್ನ ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು ಬಾಯಿಬಿಟ್ಟು ಉತ್ತರ ಹೇಳಿ ನೋಡಿ. ತಪ್ಪು ಮಾಡಿದ್ದರೆ ಅದರಿಂದ ಕಲಿತದ್ದನ್ನೂ ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಹೀಗೆ ಮಾಡಿದವರಿಗೆಲ್ಲ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಭರವಸೆ ಕೊಡಲಾರೆವು. ಅವಳಿಗೂ ಆ ಒಂದು ಉತ್ತರದಿಂದಲೇ ಕೆಲಸ ಸಿಕ್ಕಿತೋ, ಬೇರೆ ಯಾವುದರಿಂದಲೋ, ನಮಗೆ ತಿಳಿಯದು.